ಪಕ್ಯಾವೊ ಇಲ್ಲದ ಭಾನುವಾರ ಯಾರು ಟಿವಿ ಹಾಕ್ತಾರೆ?

ಫಿಲಿಪ್ಪೀನ್ಸ್‌ನವರಿಗೆ ಬಾಕ್ಸಿಂಗ್ ಹುಚ್ಚು ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅರ್ಧ ಮಾತ್ರ ನಂಬುತ್ತೇನೆ. ಅವರಿಗೆ ಹಿಡಿದದ್ದು ಅವರದೇ ಒಬ್ಬ ಬಾಕ್ಸರ್ ಮ್ಯಾನಿ ಪಕ್ಯಾವೊನ ಹುಚ್ಚು. ದಿನಾ ಆಡುವುದು, ನೋಡುವುದು ಅಂತ ಬಂದರೆ ಅಲ್ಲಿ ಬ್ಯಾಸ್ಕೆಟ್‌ಬಾಲೇ ಜಾಸ್ತಿ. ಗಲ್ಲಿ ಗಲ್ಲಿಗೂ ಒಂದು ಬುಟ್ಟಿ ನೇತಾಡುತ್ತಿರುತ್ತದೆ.

ಶಿವಮೊಗ್ಗದಲ್ಲಿ ಕೂತು ಇದೆಲ್ಲ ನಿನಗ್ಯಾಕೆ ಅಂತ ಕೇಳಬೇಡಿ. ಕ್ರಿಕೆಟ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಪಕ್ಯಾವೊನ ದೊಡ್ಡ ಫೈಟ್‌ಗಳು ನಡೆಯುತ್ತಿದ್ದದ್ದು ಹೆಚ್ಚಾಗಿ ಲಾಸ್ ವೇಗಸ್‌ನಲ್ಲಿ, ಶನಿವಾರ ರಾತ್ರಿ. ಮನಿಲಾದಲ್ಲಿ ಆಗ ಭಾನುವಾರ ಮಧ್ಯಾಹ್ನ. ಚರ್ಚ್ ಮುಗಿದಿದೆ, ಊಟ ಇನ್ನೂ ಆಗಿಲ್ಲ, ಮನೆಯವರೆಲ್ಲ ಮನೆಯಲ್ಲೇ ಇದ್ದಾರೆ. ಟಿವಿ ಚಾನೆಲ್‌ನವರಿಗೆ ಇದಕ್ಕಿಂತ ಒಳ್ಳೆ ಟೈಮ್ ಎಲ್ಲಿ ಸಿಗಬೇಕು? ರಸ್ತೆಗಳು ಖಾಲಿ. ಆ ಹೊತ್ತಿನಲ್ಲಿ ಕಳ್ಳತನ ಗಲಾಟೆ ಏನೂ ಇಲ್ಲ ಅಂತ ಅಲ್ಲಿನ ಪೊಲೀಸರೇ ಹೇಳಿಕೊಳ್ಳುತ್ತಿದ್ದರು. ಕಳ್ಳರೂ ಟಿವಿ ಮುಂದೆ ಇದ್ದರು ಅಂತ ಕಾಣುತ್ತದೆ!

ಅಮೆರಿಕದ ಗಡಿಯಾರಕ್ಕೆ ಮನಿಲಾ ಹೊಂದಿಕೊಳ್ಳುವುದು ಹೊಸದಲ್ಲ. 1975ರ ಅಕ್ಟೋಬರ್ 1ರಂದು ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಅರಾನೆಟಾ ಕೊಲಿಸಿಯಂನಲ್ಲಿ ಹೊಡೆದಾಡಿದ್ದು ಬೆಳಗ್ಗೆ ಹತ್ತೂಮುಕ್ಕಾಲರ ಹೊತ್ತಿಗೆ. ಅಮೆರಿಕದವರು ರಾತ್ರಿ ಆರಾಮಾಗಿ ಕೂತು ನೋಡಲಿ ಅಂತ ಇವರಿಬ್ಬರು ಆ ಸೆಕೆಯಲ್ಲಿ ಬೆಂದರು. ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿ, ಹದಿನೈದನೇ ರೌಂಡಿಗೆ ಅವನ ಕೋಚ್ ಕಳಿಸಲೇ ಇಲ್ಲ.

ಪಕ್ಯಾವೊ ಕಾಲಕ್ಕೆ ಬಂದರೆ, ಮನೆ ಟಿವಿಯಲ್ಲಿ ಬಿಟ್ಟಿ ಬರುತ್ತಿದ್ದದ್ದು ಎಷ್ಟೋ ಸಲ ಲೈವ್ ಅಲ್ಲ, ತಡವಾಗಿ ಬಿಡುತ್ತಿದ್ದ ಪ್ರಸಾರ. ಮೂರು ನಿಮಿಷದ ಒಂದು ರೌಂಡು, ಆಮೇಲೆ ಶ್ಯಾಂಪೂ, ಬಿಯರು, ಮೊಬೈಲು, ಮತ್ತೆ ಶ್ಯಾಂಪೂ, ಕೆಲವು ಜಾಹೀರಾತಿನಲ್ಲಿ ಪಕ್ಯಾವೊನೇ ನಿಂತಿರುತ್ತಾನೆ, ಅಷ್ಟು ಹೊತ್ತಿಗೆ ಪಕ್ಕದ ಮನೆಯವನು ರೇಡಿಯೊದಲ್ಲಿ ಲೈವ್ ಕಾಮೆಂಟ್ರಿ ಕೇಳಿ ರಿಸಲ್ಟ್ ಕೂಗಿ ಆಗಿರುತ್ತದೆ. ಆದರೂ ಜನ ಏಳುತ್ತಿರಲಿಲ್ಲ. ಕಾಸಿದ್ದವರು ಸಿನಿಮಾ ಥಿಯೇಟರಿಗೆ ಹೋಗಿ ಟಿಕೆಟ್ ತಗೊಂಡು ಜಾಹೀರಾತಿಲ್ಲದೆ ಲೈವ್ ನೋಡುತ್ತಿದ್ದರು. ಇಲ್ಲದವರಿಗೆ ಊರಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ಜಿಮ್ನೇಷಿಯಂನಲ್ಲಿ ದೊಡ್ಡ ಪರದೆ ಕಟ್ಟಿ ಬಿಟ್ಟಿ ತೋರಿಸುತ್ತಿದ್ದರು.

ರೇಟಿಂಗ್ ವಿಷಯದಲ್ಲಿ ನನ್ನ ತಕರಾರು ಇರುವುದು ಇಲ್ಲೇ. ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಬಾರ್ಕ್ ಮಾಡುವುದೂ ಅದೇ ಕೆಲಸ. ಥಿಯೇಟರಿನಲ್ಲಿ ಕೂತ ಜನ, ಅಂಗಳದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ಕಿರುಚಿದ ಜನ ಮನೆಯ ಮೀಟರಿಗೆ ಸಿಕ್ಕುವುದು ಹೇಗೆ? ಅದು ಸಾಲದು ಅಂತ ಅಲ್ಲಿನ ಎರಡು ದೊಡ್ಡ ಚಾನೆಲ್‌ಗಳಾದ ಜಿಎಂಎ ಮತ್ತು ಎಬಿಎಸ್-ಸಿಬಿಎನ್ ಬೇರೆ ಬೇರೆ ಏಜೆನ್ಸಿಯ ಅಂಕಿ ಹಿಡಿದುಕೊಂಡು ವರ್ಷಗಟ್ಟಲೆ 'ನಾವೇ ನಂಬರ್ ಒನ್' ಅನ್ನುತ್ತಿದ್ದವು. ಇಬ್ಬರೂ ಒನ್!

2015ರಲ್ಲಿ ಪಕ್ಯಾವೊ ಮತ್ತು ಅಮೆರಿಕದ ಫ್ಲಾಯ್ಡ್ ಮೇವೆದರ್ ಫೈಟ್ ಬಂದಾಗ ಮಾತ್ರ ಜಿಎಂಎ, ಎಬಿಎಸ್-ಸಿಬಿಎನ್, ಟಿವಿ5 ಮೂರೂ ಸೇರಿ ತೋರಿಸಿದವು. ಅಮೆರಿಕದಲ್ಲಿ ಸುಮಾರು ನೂರು ಡಾಲರ್ ಕೊಟ್ಟು ನೋಡಬೇಕಿತ್ತು, 46 ಲಕ್ಷ ಕನೆಕ್ಷನ್ ಮಾರಾಟವಾದವು. ನಮಗಿಲ್ಲಿ ಅದು ಮೇ 3ರ ಭಾನುವಾರದ ತಿಂಡಿ ಟೈಮು. ನಾನು ನೋಡಿದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ. ಯಾರೋ "ನ್ಯೂಸ್ ಹಾಕಿ ಭಟ್ರೇ" ಅಂದರು. ಭಟ್ಟರು ರಿಮೋಟ್ ಕೊಡಲಿಲ್ಲ. "ಇರಿ ಮಾರಾಯ್ರೆ, ಆ ಗಿಡ್ಡ ಏನು ಮಾಡ್ತಾನೆ ನೋಡುವ" ಅಂದರು. ಪಕ್ಯಾವೊ ಹೆಸರೂ ಗೊತ್ತಿಲ್ಲದವರು ಆರನೇ ರೌಂಡಿನ ಹೊತ್ತಿಗೆ ಅವನ ಕಡೆ ಸೇರಿಕೊಂಡಿದ್ದರು. ಮೇವೆದರ್ ಪಾಯಿಂಟ್ ಮೇಲೆ ಗೆದ್ದ. ಫೈಟ್ ನಿಜವಾಗಿ ಸಪ್ಪೆಯಾಗಿತ್ತು ಬಿಡಿ.

ನಮ್ಮ ಕೋಟೆ ಮಾರಿಕಾಂಬಾ ಜಾತ್ರೆಯ ಕುಸ್ತಿ ನೋಡಿ. ಅಖಾಡದ ಸುತ್ತ ಕೂತವರಿಗೆ ಪೈಲ್ವಾನ್ ಯಾರು ಅನ್ನೋದು ಆಮೇಲಿನ ಮಾತು, ಜೋಡಿ ಚೆನ್ನಾಗಿದ್ದರೆ ಸಾಕು. ಫಿಲಿಪ್ಪೀನ್ಸ್ ಬಾಕ್ಸಿಂಗಿಗೆ ಟಿವಿಯಲ್ಲಿ ಇಂಥ ನೋಡುಗರು ಬೇಕಿತ್ತು. ಒಂದು ಕಾಲಕ್ಕೆ ಇದ್ದರು ಕೂಡ. 1990ರ ದಶಕದಲ್ಲಿ 'ಬ್ಲೋ ಬೈ ಬ್ಲೋ' ಅಂತ ವಾರವಾರ ಬರುವ ಕಾರ್ಯಕ್ರಮ ಇತ್ತು. ಹೆಸರಿಲ್ಲದ ಹುಡುಗರ ಫೈಟ್‌ಗಳು. 1995ರಲ್ಲಿ ಹದಿನಾರರ ಪಕ್ಯಾವೊ ಜನರ ಕಣ್ಣಿಗೆ ಬಿದ್ದದ್ದು ಅದರಲ್ಲೇ.

ಈಗ ಡಾನಿ ನಿಯೆಟೆಸ್ ಕಥೆ ಕೇಳಿ. ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿದ್ದ ಎಎಲ್ಎ ಅನ್ನುವ ಬಾಕ್ಸಿಂಗ್ ಜಿಮ್ಮಿನಲ್ಲಿ ಕಸ ಗುಡಿಸಿಕೊಂಡಿದ್ದವನು. 2007ರಲ್ಲಿ ವಿಶ್ವ ಚಾಂಪಿಯನ್ ಆದ. 1960ರಿಂದ ಏಳು ವರ್ಷ ಪಟ್ಟ ಬಿಡದ ಅಲ್ಲಿನ ಹಳೇ ಬಾಕ್ಸರ್ ಫ್ಲ್ಯಾಶ್ ಎಲೋರ್ಡೆಯ ದಾಖಲೆಯನ್ನೇ ಮುರಿದ. ಅಂಥವನ ಫೈಟಿಗೆ ಮನಿಲಾದ ರಸ್ತೆ ಒಂದು ದಿನವೂ ಖಾಲಿಯಾಗಲಿಲ್ಲ. ಅವನಂಥವರನ್ನು ಟಿವಿಯಲ್ಲಿ ತೋರಿಸುತ್ತಿದ್ದದ್ದು ಎಬಿಎಸ್-ಸಿಬಿಎನ್. 2020ರ ಮೇ ತಿಂಗಳಲ್ಲಿ ಆ ಚಾನೆಲ್ಲಿನ ಪರವಾನಗಿ ಮುಗಿದು ಪ್ರಸಾರ ನಿಂತಿತು. ಕೊರೊನಾ ಬೇರೆ. ಆಗಸ್ಟ್‌ನಲ್ಲಿ ಎಎಲ್ಎ ಕೂಡ ಬಾಗಿಲು ಹಾಕಿತು. ಚಾಂಪಿಯನ್‌ಗಳು ಇದ್ದರು, ಗರಡಿ ಇರಲಿಲ್ಲ! ಪಕ್ಯಾವೊ ಫೈಟ್‌ಗಳ ಅಷ್ಟೆಲ್ಲಾ ರೇಟಿಂಗಿನಿಂದ ಈ ಹುಡುಗರಿಗೆ ಏನು ಉಪಯೋಗ ಆಯಿತು, ನೀವೇ ಹೇಳಿ.

2025ರ ಜುಲೈನಲ್ಲಿ ಪಕ್ಯಾವೊ 46ನೇ ವಯಸ್ಸಿಗೆ ಮತ್ತೆ ರಿಂಗಿಗೆ ಇಳಿದು ಮಾರಿಯೊ ಬ್ಯಾರಿಯೊಸ್ ಜೊತೆ ಡ್ರಾ ಮಾಡಿಕೊಂಡ. ಎಲ್ಲರ ಬಾಯಲ್ಲೂ ಮತ್ತೆ ಅವನದೇ ಹೆಸರು. ನಾನೂ ನೋಡಿದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಆದರೆ ಅದೇ ಎಎಲ್ಎ ಗರಡಿಯಲ್ಲಿ ಬೆಳೆದ ಮೆಲ್ವಿನ್ ಜೆರುಸಲೆಮ್ ಅಂತ ಒಬ್ಬನಿದ್ದಾನೆ. 2024ರ ಮಾರ್ಚ್‌ನಲ್ಲಿ ಜಪಾನಿಗೇ ಹೋಗಿ, ಅಲ್ಲಿನವನನ್ನೇ ಹೊಡೆದು ಡಬ್ಲ್ಯೂಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್) ಪಟ್ಟ ತಂದವನು. ತೂಕ 48 ಕೆಜಿಯೂ ಇಲ್ಲ. ಬಿಡುವಿದ್ದಾಗ ಹುಡುಕಿ ನೋಡಿ, ಬಲಗೈ ಎಲ್ಲಿಂದ ಬರುತ್ತದೆ ಅಂತ ಗೊತ್ತೇ ಆಗುವುದಿಲ್ಲ.