ಆ 19 ಸೆಕೆಂಡ್

ಮೊದಲು ಕೇಳಿಸಿದ್ದು ಡ್ರೋನಿನ ರಿಮೋಟಿನಿಂದ ಟಿಣ್ ಅನ್ನೋ ಒಂದು ಸಣ್ಣ ಸದ್ದು. ಬ್ಯಾಟರಿ ಇರಬೇಕು ಅಂದುಕೊಂಡೆ. ನೋಡಿದರೆ ಬ್ಯಾಟರಿ ಇನ್ನೂ ಶೇಕಡಾ 61 ಇತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ಮ್ಯಾಪಿನ ಅಂಚಿನಲ್ಲಿದ್ದ ನೀಲಿ ಬಣ್ಣದ ಪುಟ್ಟ ವಿಮಾನದ ಗುರುತು.

ಬೆಳಗಿನ ಆರೂವರೆ. ಕೆರೆಯ ಮೇಲೆ ಮಂಜು ಎದ್ದಿತ್ತು. ಬಿಸಿಲು ಏರುವ ಮುಂಚೆ ಅದನ್ನು ಸೆರೆ ಹಿಡಿಯೋಣ ಅಂತ ಡ್ರೋನನ್ನು 70 ಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದೆ. ನನ್ನಿಂದ ಸುಮಾರು 300 ಮೀಟರ್ ದೂರ. ನನ್ನ ಬೆನ್ನ ಹಿಂದೆ ಒಂದು ಗುಡ್ಡ.

ನೀಲಿ ಗುರುತು ಹಳದಿಯಾಯಿತು. ಹತ್ತಿರದಲ್ಲಿ ವಿಮಾನವಿದೆ, ಎಚ್ಚರ ಅಂತ ಸಂದೇಶ ಬಂತು. ನಾನು ಎರಡು ಬೆರಳಲ್ಲಿ ಮ್ಯಾಪನ್ನು ಹಿಗ್ಗಿಸಿ, ಅದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಹುಡುಕುತ್ತಾ ನಿಂತೆ. ತಲೆ ಎತ್ತಿ ನೋಡಿದೆ, ಏನೂ ಕಾಣಲಿಲ್ಲ. ಮತ್ತೆ ಮ್ಯಾಪ್ ನೋಡಿದೆ. ಕೊನೆಗೆ ಗಾಬರಿಯಲ್ಲಿ ರಿಟರ್ನ್ ಟು ಹೋಮ್ ಬಟನ್ ಒತ್ತಿಬಿಟ್ಟೆ.

ಡ್ರೋನ್ ಮೇಲಕ್ಕೆ ಏರತೊಡಗಿತು.

ಇದು ಡ್ರೋನಿನ ತಪ್ಪಲ್ಲ. ದೂರದಲ್ಲಿದ್ದಾಗ ಆ ಬಟನ್ ಒತ್ತಿದರೆ ಅದು ಮೊದಲು ನಾವು ಹೇಳಿಟ್ಟ ಎತ್ತರಕ್ಕೆ ಏರುತ್ತದೆ, ಆಮೇಲೆ ಹಾರಿಸಿದ ಜಾಗದ ಕಡೆ ತಿರುಗುತ್ತದೆ. ದಾರಿಯಲ್ಲಿ ಮರ, ಕಂಬ ಸಿಗದಿರಲಿ ಅಂತ ಆ ಏರ್ಪಾಡು. ಕೆರೆ ದಂಡೆಯ ಮರಗಳನ್ನು ನೋಡಿ ನಾನೇ ಅದನ್ನು 110 ಮೀಟರಿಗೆ ಇಟ್ಟಿದ್ದೆ. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಹೆಲಿಕಾಪ್ಟರಿನ ಸದ್ದು ಬಂತು. ಎದೆಯೊಳಗೆ ಬಡಿದ ಹಾಗೆ ಬಂತು. ಬಟನ್ ರದ್ದು ಮಾಡಿ, ರಿಮೋಟಿನಲ್ಲಿ ಡ್ರೋನ್ ಇಳಿಸುವ ಎಡಗೈಯ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದೆ. ಹೆಲಿಕಾಪ್ಟರ್ ಗುಡ್ಡ ದಾಟಿ, ಕೆರೆಯ ಆಚೆ ದಂಡೆಯ ಮೇಲೆ ಹಾದು ಹೋಯಿತು. ಡ್ರೋನ್ ನೀರಿನ ಮೇಲೆ ಒಂದಾಳೆತ್ತರದಲ್ಲಿ ನಿಂತಿತ್ತು. ಅದನ್ನು ದಡಕ್ಕೆ ತಂದು ಇಳಿಸಿ ಅಲ್ಲೇ ಹುಲ್ಲಿನ ಮೇಲೆ ಕೂತೆ. ಕೈ ನಡುಗುತ್ತಿತ್ತು. ಆ ಹೆಲಿಕಾಪ್ಟರಿನಲ್ಲಿ ಜನ ಇದ್ದರು, ಅಲ್ವಾ. ಅದೊಂದೇ ತಲೆಯಲ್ಲಿ ಓಡುತ್ತಿತ್ತು.

ಮನೆಗೆ ಬಂದು ಹಾರಾಟದ ಲಾಗ್ ತೆಗೆದು ನೋಡಿದೆ. ಮೊದಲ ಎಚ್ಚರಿಕೆಯಿಂದ ನಾನು ಕಡ್ಡಿ ಎಳೆಯುವವರೆಗೆ 19 ಸೆಕೆಂಡ್. ಗಂಟೆಗೆ 200 ಕಿಲೋಮೀಟರ್ ವೇಗದ ಹೆಲಿಕಾಪ್ಟರ್ ಸೆಕೆಂಡಿಗೆ 55 ಮೀಟರ್ ಹೋಗುತ್ತದೆ. ನಾನು ಮ್ಯಾಪ್ ಹಿಗ್ಗಿಸುತ್ತಾ ನಿಂತಿದ್ದಾಗ ಅದು ಒಂದು ಕಿಲೋಮೀಟರಿಗೂ ಜಾಸ್ತಿ ದೂರ ಬಂದಿರಬಹುದು.

ಅಂದಿನಿಂದ ಈ ಎಚ್ಚರಿಕೆ ಹೇಗೆ ಕೆಲಸ ಮಾಡುತ್ತದೆ ಅಂತ ಕೂತು ಕಲಿತೆ. ವಿಮಾನದಲ್ಲಿ ಎಡಿಎಸ್-ಬಿ ಔಟ್ ಉಪಕರಣ ಇದ್ದರೆ ಅದು ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ವೇಗ ಅಂತ ರೇಡಿಯೋದಲ್ಲಿ ತಾನಾಗಿಯೇ ಕೂಗಿ ಹೇಳುತ್ತಿರುತ್ತದೆ. ಹಾರುತ್ತಿರುವಾಗ ಎಲ್ಲಿದ್ದೇನೆ ಅನ್ನೋದನ್ನು ಸೆಕೆಂಡಿಗೆ ಸುಮಾರು ಎರಡು ಸಲ, 1090 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದಲ್ಲಿ ಸಣ್ಣ ವಿಮಾನಗಳಿಗೆ 978 ಮೆಗಾಹರ್ಟ್ಸ್ ಕೂಡ ಇದೆ. ನಮ್ಮ ಡ್ರೋನಿನಲ್ಲಿ ಇರುವುದು ಬರೀ ಕಿವಿ, ಅಂದರೆ ಎಡಿಎಸ್-ಬಿ ಇನ್. ಅದು ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಹೇಳುವುದಿಲ್ಲ. ಪೈಲಟ್‌ಗೆ ನಾವು ಅಲ್ಲಿದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಡ್ರೋನುಗಳೂ ಕೂಗಲಿ ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಸಾವಿರಾರು ಡ್ರೋನುಗಳು ಅದೇ ತರಂಗದಲ್ಲಿ ಕೂಗಿದರೆ ವಿಮಾನಗಳ ದನಿಯೇ ಮುಳುಗಿಹೋಗುತ್ತದೆ. ಹಾಗಾಗಿ ಪಕ್ಕಕ್ಕೆ ಸರಿಯುವ ಜವಾಬ್ದಾರಿ ಪೂರ್ತಿ ನಮ್ಮದೇ.

ಕೇಳುವುದು ಹೇಗಿರುತ್ತದೆ ಅಂತ ನೋಡಲು ಮನೆಯಲ್ಲೇ ಒಂದು ರಿಸೀವರ್ ಕಟ್ಟಿದೆ. ಟಿವಿ ನೋಡಲು ಮಾಡಿದ ಆರ್‌ಟಿಎಲ್ 2832 ಚಿಪ್ಪಿನ ಯುಎಸ್‌ಬಿ ಕಡ್ಡಿ, ಡಂಪ್1090 ಅನ್ನೋ ಉಚಿತ ತಂತ್ರಾಂಶ, ಆಂಟೆನಾಗೆ ಒಂದು ತುಂಡು ತಾಮ್ರದ ತಂತಿ, ಇಷ್ಟು ಸಾಕು. 1090 ಮೆಗಾಹರ್ಟ್ಸ್‌ನ ಅಲೆಯ ಉದ್ದ 27.5 ಸೆಂಟಿಮೀಟರ್. ಆಂಟೆನಾಗೆ ಬೇಕಾದ್ದು ಅದರ ಕಾಲು ಭಾಗ, 69 ಮಿಲಿಮೀಟರ್. ಸ್ಕೇಲ್ ಇಟ್ಟು ಅಳೆದು, ತಂತಿ ಕತ್ತರಿಸಿ, ಕಿಟಕಿಯ ಸರಳಿಗೆ ನಿಲ್ಲಿಸಿದೆ. ಒಂದೇ ನಿಮಿಷದಲ್ಲಿ ಸಾಲು ಸಾಲಾಗಿ ವಿಮಾನಗಳು ಬಂದವು. ನೂರೈವತ್ತು ಕಿಲೋಮೀಟರ್ ಆಚೆ 35,000 ಅಡಿಯಲ್ಲಿ ಹೋಗುತ್ತಿದ್ದ ಜೆಟ್ ಕೂಡ ಪಟ್ಟಿಯಲ್ಲಿತ್ತು. ಅಷ್ಟು ಸಣ್ಣ ತಂತಿಗೆ ಅದು ಕೇಳಿಸಿತಲ್ಲ ಅಂತ ರೋಮಾಂಚನವಾಯಿತು.

ಆದರೆ ಎರಡನೇ ವಾರ ಕಂಡದ್ದು ನನಗೆ ಅದಕ್ಕಿಂತ ಮುಖ್ಯ. ಸಂಜೆ ಮನೆಯ ಮೇಲೆ ಹಳದಿ ಬಣ್ಣದ ಎರಡು ಸೀಟಿನ ಪುಟ್ಟ ವಿಮಾನ ಹಾದು ಹೋಯಿತು. ಇಂಜಿನ್ನಿನ ಸದ್ದು ಸ್ಪಷ್ಟವಾಗಿ ಕೇಳಿಸಿತು. ರೆಕ್ಕೆಯ ಕೆಳಗಿನ ಅಕ್ಷರಗಳೂ ಕಂಡವು. ಓಡಿಹೋಗಿ ಪರದೆ ನೋಡಿದೆ. 14 ವಿಮಾನಗಳಿದ್ದವು, ಎಲ್ಲವೂ ದೊಡ್ಡವು, ಎಲ್ಲವೂ ದೂರದವು. ತಲೆಯ ಮೇಲೆ ಹೋದದ್ದು ಮಾತ್ರ ಇಲ್ಲ. ಅದರಲ್ಲಿ ಟ್ರಾನ್ಸ್‌ಮಿಟರ್ ಇರಲಿಲ್ಲವೋ, ಆಫ್ ಆಗಿತ್ತೋ. ಪ್ಯಾರಾಗ್ಲೈಡರ್, ಹಗುರ ವಿಮಾನ, ಕೆಲವು ಗ್ಲೈಡರ್, ಹೊಲಕ್ಕೆ ಔಷಧಿ ಹೊಡೆಯುವ ವಿಮಾನ, ಕೆಲವು ಸಲ ಸೇನೆಯ ಹೆಲಿಕಾಪ್ಟರ್, ಇವುಗಳಲ್ಲಿ ಎಷ್ಟೋ 1090ರಲ್ಲಿ ಮಾತೇ ಆಡುವುದಿಲ್ಲ. ಯುರೋಪಿನಲ್ಲಿ ಅನೇಕ ಗ್ಲೈಡರುಗಳು ಫ್ಲಾರ್ಮ್ ಅನ್ನೋ ಬೇರೆಯೇ ಪದ್ಧತಿ ಬಳಸುತ್ತವೆ. ನಮ್ಮ ಡ್ರೋನಿನ ಎಡಿಎಸ್-ಬಿ ಕಿವಿಗೆ ಅದು ಕೇಳುವುದಿಲ್ಲ. ನಮ್ಮ ಎತ್ತರಕ್ಕೆ ಇಳಿದು ಬರುವುದು ಹೆಚ್ಚಾಗಿ ಇಂಥವೇ.

ಗುಡ್ಡದ ವಿಷಯ ಇನ್ನೊಂದು. ಈ ರೇಡಿಯೋ ಅಲೆ ನೇರವಾಗಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಅಂದು ನನ್ನ ಡ್ರೋನ್ 70 ಮೀಟರ್ ಮೇಲೆ, ಗುಡ್ಡದಿಂದ ದೂರ ಇತ್ತು. ಅದಕ್ಕೇ ಅಷ್ಟಾದರೂ ಕೇಳಿಸಿತು. ಕೆಳಗೆ ನನ್ನ ಜೇಬಿನಲ್ಲಿ ರಿಸೀವರ್ ಇದ್ದಿದ್ದರೆ ಅದಕ್ಕೆ ಬಹುಶಃ ಏನೂ ಕೇಳಿಸುತ್ತಿರಲಿಲ್ಲ. ಫೋನಿನ ವಿಮಾನ ಮ್ಯಾಪ್ ಆ್ಯಪ್ ನೋಡಿಕೊಂಡು ಹಾರಿಸುವವರಿಗೂ ಇದನ್ನೇ ಹೇಳುತ್ತೇನೆ. ಅವು ಯಾರದೋ ಮನೆಯ ಮೇಲಿನ ರಿಸೀವರಿನಿಂದ ಇಂಟರ್ನೆಟ್ ಮೂಲಕ ತಡವಾಗಿ ಬರುವ ಮಾಹಿತಿ. ತಗ್ಗಿನಲ್ಲಿ ಹಾರುವ ಹೆಲಿಕಾಪ್ಟರ್ ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ.

ಎತ್ತರದ ಸಂಖ್ಯೆಯನ್ನು ನಾನು ಈಗ ನಂಬುವುದಿಲ್ಲ. ವಿಮಾನ ಸಾಮಾನ್ಯವಾಗಿ ಕಳಿಸುವುದು ಗಾಳಿಯ ಒತ್ತಡದಿಂದ ಲೆಕ್ಕ ಹಾಕಿದ ಎತ್ತರ. ಸಮುದ್ರ ಮಟ್ಟದ ಒತ್ತಡ ಎಲ್ಲ ಕಡೆ 1013.25 ಹೆಕ್ಟೋಪಾಸ್ಕಲ್ ಅಂತ ಇಟ್ಟುಕೊಂಡ ಲೆಕ್ಕ ಅದು. ಒಂದು ಹೆಕ್ಟೋಪಾಸ್ಕಲ್ ಅಂದರೆ ಕೆಳಗಿನ ಗಾಳಿಯಲ್ಲಿ ಸುಮಾರು ಎಂಟು ಮೀಟರ್. ಮಳೆ ಮೋಡದ ದಿನ ಒತ್ತಡ 1003ಕ್ಕೆ ಇಳಿದಿದ್ದರೆ, ವಿಮಾನ ನಿಜವಾಗಿ ಇರುವುದಕ್ಕಿಂತ ಸುಮಾರು 80 ಮೀಟರ್ ಮೇಲಿದೆ ಅಂತ ಆ ಸಂಖ್ಯೆ ಹೇಳುತ್ತದೆ. ನಾವು ಹಾರಿಸುವುದೇ ಅಷ್ಟು ಎತ್ತರದಲ್ಲಿ! ಅದರ ಮೇಲೆ ನಮ್ಮ ಡ್ರೋನ್ ತೋರಿಸುವ ಎತ್ತರ ನಾವು ಹಾರಿಸಿದ ನೆಲದಿಂದ. ಕೆಲವು ತಂತ್ರಾಂಶಗಳು ಈ ವ್ಯತ್ಯಾಸ ಸರಿಪಡಿಸುತ್ತವೆ. ನಾನಂತೂ ಹತ್ತಿರ ಬಂದ ಯಾವ ವಿಮಾನವೂ ನನ್ನ ಎತ್ತರದಲ್ಲೇ ಇದೆ ಅಂತ ಲೆಕ್ಕ ಹಾಕುತ್ತೇನೆ.

ಈಗ ಮುಖ್ಯ ವಿಷಯ. ಎಚ್ಚರಿಕೆ ನಮಗೆ ಕೊಡುವುದು ಒಂದಿಷ್ಟು ಸೆಕೆಂಡುಗಳನ್ನು ಮಾತ್ರ. ಕೆಳಗಿಳಿಯಲು ಎಷ್ಟು ಸೆಕೆಂಡ್ ಬೇಕು ಅಂತ ಎಷ್ಟು ಜನಕ್ಕೆ ಗೊತ್ತಿದೆ? ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಖಾಲಿ ಮೈದಾನದಲ್ಲಿ ತಮ್ಮನ ಕೈಗೆ ಸ್ಟಾಪ್‌ವಾಚ್ ಕೊಟ್ಟು ನಿಲ್ಲಿಸಿದೆ. 100 ಮೀಟರಿನಿಂದ ಸಾಮಾನ್ಯ ಮೋಡ್‌ನಲ್ಲಿ ಇಳಿಯಲು 35 ಸೆಕೆಂಡ್. ಸ್ಪೋರ್ಟ್ ಮೋಡ್‌ನಲ್ಲಿ 22. ಮೂರು ಸಲ ಮಾಡಿದೆವು, ಒಂದು ಸೆಕೆಂಡ್ ಆಚೆ ಈಚೆ. ನೇರ ಕೆಳಗೆ ಜೋರಾಗಿ ಇಳಿಸಿದರೆ ಡ್ರೋನ್ ತನ್ನದೇ ರೆಕ್ಕೆ ತಳ್ಳಿದ ಗಾಳಿಗೆ ಸಿಕ್ಕಿ ಅಲುಗಾಡುತ್ತದೆ. ಸ್ವಲ್ಪ ಮುಂದಕ್ಕೆ ಜಾರಿಸುತ್ತಾ ಇಳಿಸಿದರೆ ತಣ್ಣಗೆ ಬರುತ್ತದೆ. ಇದೂ ಅಂದೇ ಗೊತ್ತಾದದ್ದು.

35 ಸೆಕೆಂಡಿನಲ್ಲಿ ಅಂಥ ಹೆಲಿಕಾಪ್ಟರ್ ಸುಮಾರು ಎರಡು ಕಿಲೋಮೀಟರ್ ಬರುತ್ತದೆ. ಅದರಲ್ಲಿ 19 ಸೆಕೆಂಡ್ ಮ್ಯಾಪ್ ನೋಡಲು ಕೊಟ್ಟರೆ ಇಳಿಯಲು ಏನು ಉಳಿಯಿತು? ಹಾಗಾಗಿ ಈಗ ಟಿಣ್ ಅಂದ ಕೂಡಲೇ ಕೈ ಮೊದಲು ಕೆಳಗೆಳೆಯುತ್ತದೆ, ಕಣ್ಣು ಆಮೇಲೆ ಹುಡುಕುತ್ತದೆ. ಸುಮ್ನೆ ಇಳಿಸಿದ್ದರಿಂದ ಒಂದು ಒಳ್ಳೆ ಶಾಟ್ ಹೋಗಬಹುದು, ಹೋಗಲಿ. ಕೆಳಗೆ ಜನ, ತಂತಿ, ಮರ ಇಲ್ಲದ ಜಾಗ ಯಾವುದು ಅಂತ ಹಾರಿಸುವ ಮುಂಚೆಯೇ ನೋಡಿಟ್ಟಿರುತ್ತೇನೆ.

2017ರ ಸೆಪ್ಟೆಂಬರ್ 21ರಂದು ನ್ಯೂಯಾರ್ಕಿನ ಸ್ಟಾಟನ್ ಐಲ್ಯಾಂಡ್ ಬಳಿ ನಡೆದದ್ದನ್ನು ಆಗಾಗ ನೆನೆಯುತ್ತೇನೆ. ಹವ್ಯಾಸಿಯೊಬ್ಬರು ಫ್ಯಾಂಟಮ್ 4 ಡ್ರೋನನ್ನು ಕಣ್ಣಿಗೆ ಕಾಣದಷ್ಟು ದೂರ, ಸುಮಾರು ನಾಲ್ಕು ಕಿಲೋಮೀಟರ್ ಆಚೆ ಸಮುದ್ರದ ಮೇಲೆ ಕಳಿಸಿದ್ದರು. ಅದು ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಬಡಿಯಿತು. ರೋಟರಿನ ರೆಕ್ಕೆಗೆ ಏಟು ಬಿತ್ತು. ಹೆಲಿಕಾಪ್ಟರ್ ಸುರಕ್ಷಿತವಾಗಿ ಇಳಿಯಿತು. ಆ ವ್ಯಕ್ತಿ ದಡದಲ್ಲಿ ಡ್ರೋನ್ ವಾಪಸ್ ಬರುತ್ತದೆ ಅಂತ ಕಾದರು. ಬರಲಿಲ್ಲ. ಏನೋ ಕೆಟ್ಟು ನೀರಿಗೆ ಬಿದ್ದಿರಬೇಕು ಅಂದುಕೊಂಡು ಮನೆಗೆ ಹೋದರು. ಹೆಲಿಕಾಪ್ಟರಿನಲ್ಲಿ ಸಿಕ್ಕ ತುಂಡಿನ ಸಂಖ್ಯೆ ಹಿಡಿದು ತನಿಖೆಯವರು ಸಂಪರ್ಕಿಸಿದಾಗಲೇ ಅವರಿಗೆ ಡಿಕ್ಕಿಯ ವಿಷಯ ಗೊತ್ತಾದದ್ದು.

ನಾಲ್ಕು ಕಿಲೋಮೀಟರ್ ದೂರದಿಂದ ಸದ್ದೂ ಕೇಳುವುದಿಲ್ಲ, ಡ್ರೋನೂ ಕಾಣುವುದಿಲ್ಲ. ಅದಕ್ಕೇ ನಾನು ಹೆಡ್‌ಫೋನ್ ಹಾಕಿ ಹಾರಿಸುವುದನ್ನು ಬಿಟ್ಟಿದ್ದೇನೆ. ಡ್ರೋನಿನ ಕ್ಯಾಮೆರಾ ಕಂಡದ್ದನ್ನೇ ಕಣ್ಣೆದುರು ತೋರಿಸುವ ಎಫ್‌ಪಿವಿ ಕನ್ನಡಕ ಹಾಕುವ ದಿನ ತಮ್ಮ ಪಕ್ಕದಲ್ಲಿ ನಿಲ್ಲುತ್ತಾನೆ. ಅವನ ಕೆಲಸ ಡ್ರೋನ್ ನೋಡುವುದಲ್ಲ, ಆಕಾಶ ನೋಡುವುದು, ಕೇಳುವುದು. "ಇಳಿಸು" ಅಂದರೆ ಯಾಕೆ ಅಂತ ನಾನು ಕೇಳುವುದಿಲ್ಲ.

ಕಳೆದ ತಿಂಗಳು ಅದೇ ಕೆರೆಗೆ ಮತ್ತೆ ಹೋಗಿದ್ದೆವು. ರಿಟರ್ನ್ ಟು ಹೋಮ್ ಎತ್ತರವನ್ನು ಈಗ ಅಲ್ಲಿನ ಅತಿ ಎತ್ತರದ ಮರಕ್ಕಿಂತ ಹತ್ತು ಮೀಟರ್ ಜಾಸ್ತಿ, 45ಕ್ಕೆ ಇಟ್ಟಿದ್ದೇನೆ. ಏಳು ಗಂಟೆಯ ಹೊತ್ತಿಗೆ ತಮ್ಮ "ಇಳಿಸು" ಅಂದ. ಪರದೆಯಲ್ಲಿ ಏನೂ ಇರಲಿಲ್ಲ. ಇಳಿಸಿದೆ. ಸ್ವಲ್ಪ ಹೊತ್ತಿಗೆ ಗುಡ್ಡದ ನೆತ್ತಿಯಿಂದ ಒಂದು ಕೆಂಪು ಪ್ಯಾರಾಮೋಟರ್, ಅಂದರೆ ಇಂಜಿನ್ ಇರುವ ಪ್ಯಾರಾಗ್ಲೈಡರ್, ನಿಧಾನಕ್ಕೆ ತೇಲಿ ಬಂತು. ಮೇಲಿದ್ದವರು ನಮ್ಮನ್ನು ನೋಡಿ ಕೈ ಬೀಸಿದರು. ನಾವೂ ಬೀಸಿದೆವು.