ಜಯಲಕ್ಷ್ಮಿ ವಿಲಾಸದ ದೆವ್ವ

ಭಾನುವಾರ, 6 ನವೆಂಬರ್ 2022
ಮೈಸೂರು

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಓದುತ್ತಿರುವ ಅಕ್ಕನ ಮಗಳಿಗೆ ಹಾಸ್ಟೆಲ್ಲಿನಲ್ಲಿ ಯಾರೋ ಹೇಳಿದ್ದಾರೆ: ಅಲ್ಲಿನ ಹಳೇ ಬಂಗಲೆ ಜಯಲಕ್ಷ್ಮಿ ವಿಲಾಸದಲ್ಲಿ ರಾತ್ರಿ ಹೊತ್ತು ರಾಣಿ ಓಡಾಡುತ್ತಾಳೆ, ಗೆಜ್ಜೆ ಸದ್ದು ಕೇಳಿಸುತ್ತದೆ. 'ಮಾವ, ನೀನೂ ಇಲ್ಲೇ ಜಾನಪದ ಓದಿದವನಲ್ವಾ, ಬಾ ತೋರಿಸು' ಅಂತ ಗಂಟುಬಿದ್ದಳು. ಸಂಜೆ ಐದರ ಹೊತ್ತಿಗೆ ಹೋದೆವು. ನಮ್ಮ ಕಾಲದಲ್ಲೂ ಇದೇ ಕಥೆ ಇತ್ತು. ಆಗ ಸೀರೆ ಬಿಳಿ, ಈಗ ಕೆಂಪಂತೆ.

ಭಾನುವಾರ, ಬೀಗ ಹಾಕಿತ್ತು. ಕಾವಲಿನವರು ಸುತ್ತ ನೋಡಿಕೊಂಡು ಹೋಗಿ ಅಂದರು. 'ಗೋಡೆ ಹತ್ರ ಮಾತ್ರ ಹೋಗ್ಬೇಡಿ, ಮೇಲಿಂದ ಏನಾದ್ರೂ ಬಿದ್ದೀತು.' ದೆವ್ವದ ಬಗ್ಗೆ ಕೇಳಿದ್ದಕ್ಕೆ ನಕ್ಕರು. 'ಪಾರಿವಾಳ ಸಾರ್. ರಾತ್ರಿಯೆಲ್ಲಾ ಅವುಗಳದ್ದೇ ಗಲಾಟೆ.'

ಈ ಮನೆಗೆ 125 ಕೋಣೆ, 300 ಕಿಟಕಿ ಅಂತ ಲೆಕ್ಕ. ಹತ್ತರಲ್ಲಿ ಒಂದು ಕಿಟಕಿಯ ಚಿಲಕ ಸಡಿಲವಾಗಿದ್ದರೂ ಸಾಕು, ಕುಕ್ಕರಹಳ್ಳಿ ಕೆರೆ ಕಡೆಯ ಗಾಳಿ ಬೀಸಿದಾಗ ಗೆಜ್ಜೆ ಏನು, ಪೂರ್ತಿ ಮೇಳವೇ ಕೇಳಿಸುತ್ತದೆ.

ನನಗೆ ಬೇಜಾರು ಬೇರೆ. ದೆವ್ವ ಮಾಡಿದ್ದು ಸರಿ, ಹೆಸರಾದರೂ ಗೊತ್ತಿರಬೇಡವಾ? 1905ರಲ್ಲಿ ಈ ಮನೆ ಕಟ್ಟಿಸಿದ್ದು ಜಯಲಕ್ಷ್ಮಮ್ಮಣ್ಣಿಗೆ. ಹತ್ತನೇ ಚಾಮರಾಜ ಒಡೆಯರ ಹಿರಿ ಮಗಳು, ನಾಲ್ವಡಿಯವರ ಅಕ್ಕ. ಗಂಡ ಕಾಂತರಾಜ ಅರಸು, ಆಮೇಲೆ ಮೈಸೂರಿನ ದಿವಾನರಾದವರು. ಆಕೆ ರಾಣಿಯಾಗಿರಲೇ ಇಲ್ಲ. ತಂಗಿ ಚೆಲುವಾಜಮ್ಮಣ್ಣಿಯ ಬಂಗಲೆ ಇಲ್ಲೇ ಹತ್ತಿರದಲ್ಲಿದೆ, ಈಗ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಅಲ್ಲಿ ದೆವ್ವ ಇದೆ ಅಂತ ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಹೇಗೆ ಇರುತ್ತೆ? ದಿನಾ ಬೆಳಿಗ್ಗೆ ವಿಜ್ಞಾನಿಗಳು ಬಂದು ದೀಪ ಹಾಕುತ್ತಾರೆ.

ಕುವೆಂಪು ಕುಲಪತಿಯಾಗಿದ್ದಾಗ, 1959ರಲ್ಲಿ, ವಿಶ್ವವಿದ್ಯಾಲಯ ಇದನ್ನು ಹತ್ತು ಲಕ್ಷಕ್ಕೆ ಕೊಂಡಿತು. ಮುಂದೆ ಜಾನಪದ ವಸ್ತುಸಂಗ್ರಹಾಲಯ ಇಲ್ಲೇ ಬಂತು. ನಿಜವಾಗಿ ಹೆದರಿಸುವವರು ಅಲ್ಲಿದ್ದಾರೆ. ಓದುವಾಗ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ನಾನು ಸೋಮನ ಮುಖವಾಡದ ಎದುರು ನಿಂತಿದ್ದೆ. ಕೆಂಪು ಮುಖ, ಹೊರಬಂದಂಥ ಕಣ್ಣು, ಕೋರೆ ಹಲ್ಲು. ಅರ್ಧ ಕತ್ತಲಲ್ಲಿ ಅದು ನನ್ನನ್ನೇ ನೋಡುತ್ತಿತ್ತು. ಹಿಂದೆ ತೂಗುಹಾಕಿದ್ದ ತೊಗಲುಗೊಂಬೆ ಗಾಳಿಗೆ ಸ್ವಲ್ಪ ಅಲುಗಾಡಿತು. ಓಡಿಬಂದು ಮೆಟ್ಟಿಲ ಮೇಲೆ ಕೂತೆ! ಊರಲ್ಲಿ ಅದೇ ಸೋಮ ಗ್ರಾಮದೇವತೆಯ ಬಂಟ. ಹಬ್ಬದಲ್ಲಿ ಕುಣಿಯುತ್ತಾ ಬಂದರೆ ಜನ ಕೈಮುಗಿಯುತ್ತಾರೆ. ತಮಟೆ ಇಲ್ಲ, ಕುಣಿತ ಇಲ್ಲ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ಅವನಿಗೂ ಸಿಟ್ಟು ಬರದೇ ಇರುತ್ತಾ?

ಹಿಂದುಗಡೆ ಹೋದಾಗ ಹುಡುಗಿಯ ಮಾತು ನಿಂತಿತು. ಗಾರೆ ಕಿತ್ತುಬಂದಿದೆ. ಗೋಡೆ ಬಿರುಕಿನಲ್ಲಿ ಅರಳಿ ಸಸಿ. ಈ ಸಲದ ಮಳೆಗೆ ಗೋಡೆ ಕಪ್ಪಾಗಿದೆ. ಕಳೆದ ತಿಂಗಳಷ್ಟೇ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದಾಗ ಅಂಥ ಪುಣ್ಯ ಇರಲಿಲ್ಲ, ನಾಲ್ಕು ಜನ ಸತ್ತರು. ಮೈಸೂರಿನಲ್ಲಿ ಹಳೇ ಕಟ್ಟಡದ ಹತ್ತಿರ ಹೆದರಬೇಕಾದ್ದು ತಲೆ ಮೇಲಿನ ತೊಲೆಗೆ.

'ಇದನ್ನ ಯಾರೂ ರಿಪೇರಿ ಮಾಡಿಸಿಲ್ವಾ?' ಮಾಡಿಸಿದ್ದಾರೆ. ಇನ್ಫೋಸಿಸ್ ಪ್ರತಿಷ್ಠಾನ ಕೊಟ್ಟ ದುಡ್ಡಲ್ಲಿ ಇಪ್ಪತ್ತು ವರ್ಷದ ಹಿಂದೆ ಕೆಲಸ ನಡೆದಿತ್ತು. ಆದರೆ ಇಂಥ ಮನೆಗೆ ಪ್ರತಿ ಮಳೆಗಾಲ ಮುಗಿದ ಮೇಲೂ ಆಳು ಹತ್ತಿ ನೋಡಬೇಕು. ಅದಕ್ಕೆ ದಾನಿಗಳು ಸಿಗುವುದಿಲ್ಲ.

ಅವಳು ಸ್ವಲ್ಪ ಯೋಚಿಸಿದಳು. 'ರಾತ್ರಿ ದೆವ್ವ ತೋರಿಸ್ತೀವಿ ಅಂತ ತಲೆಗೆ ಇನ್ನೂರು ರೂಪಾಯಿ ಟಿಕೆಟ್ ಇಡ್ಲಿ ಮಾವ. ಎರಡೇ ವರ್ಷಕ್ಕೆ ತಾರಸಿ ಖರ್ಚು ಬರುತ್ತೆ.'

ಕಾಮರ್ಸ್ ಓದುವವಳು. ಲೆಕ್ಕ ಸರಿಯಾಗೇ ಇರಬಹುದು.