ಸೊಲ್ಲಾಪುರದ ನಡಿಗೆಗೆ ರೂಟ್ ಹಾಕುವಾಗ

ಸೊಲ್ಲಾಪುರದಲ್ಲಿ ನಡೆದು ನೋಡುವಂಥದ್ದೇನಿದೆ ಅಂತ ಕೇಳುವವರು ಹೆಚ್ಚಾಗಿ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಸಿದ್ಧೇಶ್ವರ ಗುಡಿಗೆ ಹೋಗಿ, ಎರಡು ಚಾದರ ಕೊಂಡು ಸಂಜೆ ಗಾಡಿ ಹತ್ತಿದವರು. ಊರು ನಡೆಯುವವರಿಗೆ ಒಳ್ಳೆಯದೇ ಇದೆ. ಏರು ಇಳಿತ ಕಡಿಮೆ, ಹಳೆಯ ಊರು ಒತ್ತೊತ್ತಾಗಿದೆ. ಕಾಟ ಕೊಡುವುದು ಬಿಸಿಲು. ಹಾಗಾಗಿ ಇಲ್ಲಿ ರೂಟ್ ಹಾಕುವಾಗ 'ಯಾವ ಜಾಗ' ಎನ್ನುವುದಕ್ಕಿಂತ ಮೊದಲು 'ಯಾವ ಹೊತ್ತಿಗೆ ಯಾವ ಜಾಗ' ಎನ್ನುವುದನ್ನು ತೀರ್ಮಾನಿಸಬೇಕು.

ಈ ಊರಿಗೆ ಮೊದಲು ರೂಟ್ ಹಾಕಿದವನು ಸಿದ್ಧರಾಮನೇ. 12ನೇ ಶತಮಾನದಲ್ಲಿ ಇದು ಸೊನ್ನಲಿಗೆ. ಕೆರೆ ಕಟ್ಟಿಸಿದ ಶರಣ ಊರ ಸುತ್ತ 68 ಲಿಂಗಗಳನ್ನೂ ಸ್ಥಾಪಿಸಿದ ಎಂಬುದು ನಂಬಿಕೆ. ಇವತ್ತಿಗೂ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜ ಹೊತ್ತು ಆ 68 ಲಿಂಗಗಳಿಗೆ ಎಣ್ಣೆ ಮಜ್ಜನ ಮಾಡಿಸುತ್ತಾರೆ. ಬೆಳಿಗ್ಗೆ ಹೊರಟವರು ತಿರುಗಿ ಬರುವುದು ರಾತ್ರಿಗೆ. ಅರ್ಧ ದಿನ ಇಟ್ಟುಕೊಂಡು ಬಂದವರಿಗೆ ಅದು ಆಗದ ಮಾತು. ಅದರಲ್ಲಿ ಊರ ನಡುವಿನ ತುಂಡನ್ನಷ್ಟೇ ಕತ್ತರಿಸಿಕೊಳ್ಳಿ: ಸಿದ್ಧೇಶ್ವರ ಕೆರೆ, ಭುಯಿಕೋಟ ಕಿಲ್ಲೆ (ನೆಲದ ಮೇಲಿನ ಕೋಟೆ), ಚಾರ್ ಹುತಾತ್ಮಾ ಚೌಕ, ನವೀ ಪೇಟ, ಬಾಳಿವೇಸ್. ಕೋಟೆಯೊಳಗಿನ ಓಡಾಟ ಸೇರಿಸಿದರೆ ಐದು ಕಿಲೋಮೀಟರಿನ ಆಸುಪಾಸು.

ಈ ಅನುಕ್ರಮಕ್ಕೆ ಕಾರಣವಿದೆ. ಕೋಟೆಯ ಮೂಡಣ ಮಗ್ಗುಲಿಗೆ ಕೆರೆ ಇದೆ. ಆ ಬದಿಗೆ ಕೆರೆಯೇ ಕಂದಕ. ಅಂದರೆ ಸೂರ್ಯ ಹುಟ್ಟಿದ ಮೇಲೆ ಗುಡಿಯ ಕಡೆಯಿಂದ ಪಡುವಣಕ್ಕೆ ನೋಡಿದರೆ ಬೆಳಕು ನೇರ ಬುರುಜುಗಳ ಮೇಲೆ ಬೀಳುತ್ತದೆ. ಏಳರಿಂದ ಎಂಟರ ನಡುವೆ ಕಪ್ಪು ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಗಾಳಿ ಇಲ್ಲದಿದ್ದರೆ ನೀರಿನಲ್ಲೂ ಇನ್ನೊಂದು ಕೋಟೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯ ಕೋಟೆಯ ಹಿಂದೆ ಇಳಿಯುತ್ತಾನೆ. ಕಾಣುವುದು ಬರೀ ಕರಿ ಗೆರೆ. ಅದೂ ಚೆಂದವೇ, ಆದರೆ ಕಲ್ಲಿನ ಕೆತ್ತನೆ ಕಾಣುವುದಿಲ್ಲ. ಆದ್ದರಿಂದ ರಿಕ್ಷಾದಲ್ಲಿ ನೇರ ಗುಡಿಗೆ ಹೋಗಿ ಅಲ್ಲಿಂದ ನಡಿಗೆ ಶುರು ಮಾಡಿ. ಗುಡಿ, ಸಿದ್ಧರಾಮನ ಸಮಾಧಿ, ಪಕ್ಕದ ಸಮ್ಮತಿ ಕಟ್ಟೆ, ಮೂರಕ್ಕೂ ನಲವತ್ತು ನಿಮಿಷ ಸಾಕು. ಜಾತ್ರೆಯಲ್ಲಿ 'ಸತ್ಯಂ ಸತ್ಯಂ ದಿಡ್ಡಂ ದಿಡ್ಡಂ' ಎಂದು ಅಕ್ಷತೆ ಬೀಳುವುದು ಇದೇ ಕಟ್ಟೆಯ ಹತ್ತಿರ.

ಕೋಟೆಗೆ ಒಂದು ಗಂಟೆ ಬೇಕೇ ಬೇಕು. ಬಹಮನಿ ಕಾಲದ ಕೋಟೆಯ ಜೋಡಿ ಗೋಡೆಯ ನಡುವೆ ನಡೆಯುವಾಗ ಬೆಳಗಿನ ನೆರಳು ಸಿಗುತ್ತದೆ. ಒಳಗೆ ಅಗೆದು ತೆಗೆದ ಹಳೆಯ ಗುಡಿಯ ತಳವಿದೆ. ಅದನ್ನು ಜನ ಕಪಿಲಸಿದ್ಧ ಮಲ್ಲಿಕಾರ್ಜುನನದು ಎನ್ನುತ್ತಾರೆ. ಸಿದ್ಧರಾಮನ ವಚನಗಳ ಅಂಕಿತವೂ ಅದೇ ಎಂದು ಗೊತ್ತಿರುವವರು ಅಲ್ಲಿ ತುಸು ಹೊತ್ತು ಹೆಚ್ಚೇ ನಿಲ್ಲುತ್ತಾರೆ.

ಚಾರ್ ಹುತಾತ್ಮಾ ಚೌಕದಲ್ಲಿ ವಾಹನ ಬಿಟ್ಟರೆ ಕಣ್ಣಿಗೆ ಬೀಳುವುದು ಕಡಿಮೆ. ಆದರೂ ಬಿಡಬೇಡಿ. 1930ರಲ್ಲಿ ಬ್ರಿಟಿಷರು ಈ ಊರಿನ ಮೇಲೆ ಹೇರಿದ ಮಾರ್ಷಲ್ ಲಾ (ಸೇನಾಡಳಿತ) ನಂತರ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ ಇವರ ನೆನಪಿನ ಜಾಗ ಅದು.

ನವೀ ಪೇಟ, ಬಾಳಿವೇಸ್ ಕೊನೆಗೆ ಯಾಕೆಂದರೆ ಗಲ್ಲಿಗಳು ಇಕ್ಕಟ್ಟು. ಬಯಲಿನ ಜಾಗ ಹತ್ತು ಗಂಟೆಗೆ ಸುಡಲು ಶುರುವಾದಾಗಲೂ ಇಲ್ಲಿ ಒಂದು ಮಗ್ಗುಲು ನೆರಳಿರುತ್ತದೆ. ಯಾವ ಮಗ್ಗುಲು ಎಂಬುದಕ್ಕೆ ಲೆಕ್ಕ ಸರಳ: ಉತ್ತರ–ದಕ್ಷಿಣ ಹೋಗುವ ಬೀದಿಯಲ್ಲಿ ಬೆಳಿಗ್ಗೆ ಮೂಡಣ ಬದಿ ಹಿಡಿಯಿರಿ, ಪೂರ್ವ–ಪಶ್ಚಿಮದ ಬೀದಿಯಲ್ಲಿ ಚಳಿಗಾಲದಲ್ಲಿ ತೆಂಕಣ ಬದಿ. ಮೇ ಎರಡನೇ ವಾರದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ, ಆಗ ಯಾವ ಗೋಡೆಯೂ ಕಾಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ನಡಿಗೆಯನ್ನೇ ಬಿಟ್ಟುಬಿಡಿ. ನವೆಂಬರಿನಿಂದ ಫೆಬ್ರವರಿ ಚಂದ. ಆಗಲೂ ತಲೆಗೊಂದು ಲೀಟರ್ ನೀರು ಇರಲಿ.

ಇನ್ನು ಮೊಬೈಲು. ಗೂಗಲ್ ಮ್ಯಾಪ್ಸ್ ನಡಿಗೆಯ ವೇಗವನ್ನು ಗಂಟೆಗೆ ಸುಮಾರು ಐದು ಕಿಲೋಮೀಟರ್ ಹಿಡಿದು ಒಂದು ಗಂಟೆಯ ದಾರಿ ಎನ್ನುತ್ತದೆ. ನಂಬಬೇಡಿ, ನಿಂತು ನೋಡುವುದು, ಚಪ್ಪಲಿ ಬಿಡುವುದು, ಚಹಾ ಎಲ್ಲ ಸೇರಿ ಮೂರೂವರೆ ಗಂಟೆ. ಎರಡನೇ ತೊಂದರೆ, ಅದು ಯಾವಾಗಲೂ ಹತ್ತಿರದ ದಾರಿಗೇ ಎಳೆಯುತ್ತದೆ, ಹತ್ತಿರದ್ದು ಹೆಚ್ಚಾಗಿ ದೊಡ್ಡ ರಸ್ತೆ. ನಿಮಗೆ ಬೇಕಾದ ಗಲ್ಲಿಯ ನಡುವೆಯೇ ಒಂದು ನಿಲುಗಡೆಯ (ಸ್ಟಾಪ್) ಗುರುತು ಹಾಕಿ, ಗೆರೆ ಅಲ್ಲಿಗೆ ಬಾಗುತ್ತದೆ. ಗುರುತನ್ನು ಗಲ್ಲಿಯ ಮೂಲೆಗೆ ಹಾಕಿದರೆ ಗೆರೆ ಮತ್ತೆ ದೊಡ್ಡ ರಸ್ತೆಗೇ ಜಾರುತ್ತದೆ. ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿ ಮರ ಎಲ್ಲಿದೆ ನೋಡಿಕೊಳ್ಳಿ. ಇಕ್ಕಟ್ಟಿನಲ್ಲಿ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರುತ್ತದೆ. ಆಗ ಮೊಬೈಲು ಜೇಬಿಗೆ ಹಾಕಿ ಕೇಳುವುದೇ ಲೇಸು.

ಕೇಳುವಾಗ ಮ್ಯಾಪಿನ ಹೆಸರು ಹೇಳಬೇಡಿ. ಇಂದಿರಾ ಗಾಂಧಿ ಸ್ಟೇಡಿಯಮ್ ಜನರ ಬಾಯಲ್ಲಿ 'ಪಾರ್ಕ್', ಧರ್ಮವೀರ ಸಂಭಾಜಿ ತಲಾವ್ ಅಂದರೆ 'ಕಂಬರ್ ತಲಾವ್'. ವೇಸ್ ಎಂದರೆ ನಮ್ಮ ಅಗಸಿ. ಬಾಗಿಲು ಹೋಗಿ ಹೆಸರಷ್ಟೇ ಉಳಿದಿದೆ. ಬೋರ್ಡು ಮರಾಠಿಯಲ್ಲಿದ್ದರೂ ಬಾಳಿವೇಸ್ ಕಡೆ 'ಮಲ್ಲಿಕಾರ್ಜುನ ಗುಡಿ ಯಾ ಕಡೆ ಐತ್ರೀ' ಅಂತ ಕೇಳಿ ನೋಡಿ. ಕನ್ನಡದಲ್ಲೇ ಎಡ ಬಲ ಹೇಳಿಕೊಡುತ್ತಾರೆ, ಕೆಲವೊಮ್ಮೆ ಗಲ್ಲಿಯ ತುದಿತನಕ ಜೊತೆಗೇ ಬರುತ್ತಾರೆ.

ಕಂಬರ್ ತಲಾವನ್ನು ಈ ರೂಟಿಗೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಬೇಡಿ. ಅದು ವಿಜಾಪುರ ರಸ್ತೆಯಲ್ಲಿದೆ, ನಡುವಿನ ಹಾದಿಯಲ್ಲಿ ಲಾರಿ ಬಸ್ಸುಗಳ ಸದ್ದು ಹೊಗೆ ಬಿಟ್ಟರೆ ನೋಡುವುದಕ್ಕೇನಿಲ್ಲ. ಇನ್ನೊಂದು ಬೆಳಿಗ್ಗೆ ರಿಕ್ಷಾದಲ್ಲಿ ಹೋಗಿ ದಂಡೆಯಲ್ಲಷ್ಟೇ ಅಡ್ಡಾಡಿ. ಮಳೆಯ ಮಾರನೇ ದಿನ ಮಾತ್ರ ಬೇಡ: ಎರೆಮಣ್ಣು ಅಟ್ಟೆಗೆ ಮೆತ್ತಿ ಒಂದೊಂದು ಚಪ್ಪಲಿ ಅರ್ಧ ಕಿಲೋ ತೂಗುತ್ತದೆ.